ಮಲ್ಲಕ್ಕನವರನ್ನು ಫೋಟೊ ಚೆಕ್‌ಪಾಯಿಂಟ್ ಎಂದು ಪರಿಗಣಿಸುವ ಕುರಿತು

ಜಿಲ್ಲಾ ಹುಡುಕಾಟ ಸ್ಪರ್ಧಾ ಶಾಖೆ, ಚಿತ್ರದುರ್ಗ
ಸಂಖ್ಯೆ: ಹು.ಸ್ಪ.ಶಾ/ಫೋ.ಚೆ/ಮಲ್ಲಕ್ಕ/98-99
ದಿನಾಂಕ: 11-01-1999

ಸುತ್ತೋಲೆ

ವಿಷಯ: ಬಯಲು ಹುಡುಕಾಟ ಸ್ಪರ್ಧೆಗೆ ಫೋಟೊ ಚೆಕ್‌ಪಾಯಿಂಟುಗಳನ್ನು ಸ್ಥಾಪಿಸುವ, ಸ್ಥಾಪಿಸಿದವು ಸ್ಥಳದಲ್ಲಿಯೇ ಇರುವಂತೆ ನೋಡಿಕೊಳ್ಳುವ ಹಾಗೂ ಮುನಿಸಿಕೊಂಡಿರುವ ಒಂದು ಚೆಕ್‌ಪಾಯಿಂಟನ್ನು ಸಮಾಧಾನಪಡಿಸುವ ಬಗ್ಗೆ.

ಉಲ್ಲೇಖ: 1) ಕಳೆದ ವರ್ಷದ ತೀರ್ಪುಗಾರರ ವರದಿ.
2) ಚಿತ್ರದುರ್ಗ ತಂಡದ ನಾಯಕ ಶ್ರೀ ಮುಝಫರ್ ಇವರ ಮೇಲ್ಮನವಿ.
3) ಹಿರೇಗುಂಟನೂರಿನ ಶ್ರೀಮತಿ ಮಲ್ಲಕ್ಕನವರು ಮುಚ್ಚಿದ ಬಾಗಿಲ ಹಿಂದಿನಿಂದ ನೀಡಿದ ಮೌಖಿಕ ಹೇಳಿಕೆ.

ಸ್ಪರ್ಧೆಯ ತಂಡಗಳು ಸುಳಿವು ಹಿಡಿದು ಊರೂರು ಸುತ್ತಿ, ಇಲಾಖೆಯ ಬೋರ್ಡು ನೆಟ್ಟಿರುವಲ್ಲಿ ಫೋಟೊ ತೆಗೆದು, ತಾವು ಅಲ್ಲಿಗೆ ಹೋಗಿದ್ದುದನ್ನು ರುಜುವಾತುಪಡಿಸಬೇಕಾಗಿರುತ್ತದೆ. ಕಳೆದ ವರ್ಷ ಇದರಲ್ಲಿ ಉಂಟಾದ ಗೊಂದಲಗಳನ್ನು ಗಮನಿಸಿ, ಎಲ್ಲ ಸಿಬ್ಬಂದಿಯ ಪಾಲನೆಗಾಗಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಬೋರ್ಡು ಗಾಳಿಗೆ ಬೀಳುವಂತಿರಬಾರದು. ಕೋಳಿಗೂಡಿಗೆ ಬಾಗಿಲಾಗುವ ಅಳತೆಯಲ್ಲಿಯೂ ಇರಬಾರದು. ಮಾಡದಕೆರೆಯ ಬೋರ್ಡು ಈಗಾಗಲೇ ಬಾಗಿಲಾಗಿದ್ದು, ಒಳಗೆ ಹೇಂಟೆ ಕಾವಿಗೆ ಕುಳಿತಿದೆ. ಮರಿಗಳು ಹೊರಬರುವವರೆಗೆ ಸದರಿ ಗೂಡನ್ನೇ ಚೆಕ್‌ಪಾಯಿಂಟ್ ಎಂದು ಭಾವಿಸತಕ್ಕದ್ದು. ಹೇಂಟೆಯ ಅಭಿಪ್ರಾಯ ಕೇಳುವ ಅಗತ್ಯವಿಲ್ಲ.

2. ಹಿರಿಯೂರು ಕಡೆಯ ತಂಡಗಳು ಜಲಾಶಯದ ಚೆಕ್‌ಪಾಯಿಂಟಿನಿಂದ ಬರೀ ನೀರಿನ ಫೋಟೊ ತಂದಿರುತ್ತವೆ. ನೀರು ಎಲ್ಲ ತಾಲ್ಲೂಕುಗಳಲ್ಲಿಯೂ ಒಂದೇ ತೆರನಾಗಿ ಕಾಣುವುದರಿಂದ ಇನ್ನು ಮುಂದೆ ನೀರನ್ನು ದಡದ ಸಮೇತ ಹಾಜರುಪಡಿಸತಕ್ಕದ್ದು.

3. ಒಂದು ಸ್ಥಳಕ್ಕೆ ಒಂದೇ ಕ್ಲಿಕ್. ಫೋಟೊದಲ್ಲಿ ಕಣ್ಣು ಮುಚ್ಚಿದವರನ್ನು ಗೈರುಹಾಜರು ಎಂದು ಪರಿಗಣಿಸಲಾಗುವುದು. ಒಂದೇ ಕಣ್ಣು ಮುಚ್ಚಿದವರಿಗೆ ಅರ್ಧ ದಿನದ ಹಾಜರಿ.

4. ಹಿರೇಗುಂಟನೂರಿನಿಂದ ಬಂದ ಯಾವ ಫೋಟೊದಲ್ಲಿಯೂ ಬೋರ್ಡು ಕಾಣುವುದಿಲ್ಲ. ಬೋರ್ಡಿಗೆ ಅಡ್ಡಲಾಗಿ, ಎರಡೂ ಕೈ ನೇರ ಇಳಿಬಿಟ್ಟು, ನಗದೆ ನಿಂತಿರುವ ಒಬ್ಬರೇ ಹಿರಿಯ ಮಹಿಳೆ ಕಾಣುತ್ತಾರೆ. ವಿಚಾರಿಸಲಾಗಿ ಇವರು ಬೋರ್ಡು ಒರಗಿಸಿದ್ದ ಮನೆಯ ಮಲ್ಲಕ್ಕನವರೆಂದು ತಿಳಿದುಬಂದಿದೆ. ಫೋಟೊದಲ್ಲಿ ಬೋರ್ಡೇ ಇರಬೇಕೆಂದರೆ ಎಲ್ಲ ತಂಡಗಳೂ ಸೋಲುವುದರಿಂದ, ಸದರಿ ಮಲ್ಲಕ್ಕನವರನ್ನೇ ಅಧಿಕೃತ ಚೆಕ್‌ಪಾಯಿಂಟ್ ಎಂದು ಪೂರ್ವಾನ್ವಯವಾಗುವಂತೆ ಈ ಮೂಲಕ ಘೋಷಿಸಲಾಗಿದೆ. ಅವರು ಪೂರ್ವಾನುಮತಿಯಿಲ್ಲದೆ ನೆಂಟರ ಮನೆಗೆ ಹೋಗತಕ್ಕದ್ದಲ್ಲ. ಹೋದಲ್ಲಿ ಹಿರೇಗುಂಟನೂರು ತಾತ್ಕಾಲಿಕವಾಗಿ ಆ ಊರಿಗೆ ವರ್ಗಾವಣೆಗೊಂಡಿದೆ ಎಂದು ತಿಳಿಯತಕ್ಕದ್ದು.

5. ಶ್ರೀ ಮುಝಫರ್ ತಂಡದ ಫೋಟೊದಲ್ಲಿ ಮಾತ್ರ ಚೆಕ್‌ಪಾಯಿಂಟಿನ ಪಕ್ಕ ಮಲ್ಲಕ್ಕನವರ ಪತಿ ಶ್ರೀ ದೊಡ್ಡತಿಮ್ಮಪ್ಪನವರು ಅಂಗಿಯ ಗುಂಡಿ ಅರ್ಧ ಹಾಕಿಕೊಂಡು ನಿಂತಿರುತ್ತಾರೆ. ಇದನ್ನು ಚೆಕ್‌ಪಾಯಿಂಟಿನ ಅನಧಿಕೃತ ವಿಸ್ತರಣೆ ಎಂದು ತಿರಸ್ಕರಿಸಲಾಗಿ, ತಂಡವು ಸೋತಿರುತ್ತದೆ. ಮೇಲ್ಮನವಿಯಲ್ಲಿ ಶ್ರೀ ಮುಝಫರ್, "ಬಂದೋರೆಲ್ಲ ಗಡಿಬಿಡಿಯಾಗೆ ಕ್ಲಿಕ್ ಮಾಡ್ಕಂಡು ಓಡಿದ್ರು ಸಾರ್. ಅಜ್ಜ ಅಂಗಿ ಹಾಕ್ಕಂಡು ಬತ್ತೀನಿ ಇರ್ರಪ್ಪಾ ಅಂದ್ರು, ಬಿಟ್ಟು ಹೆಂಗೆ ಹೋಗಾಣ? ಬಹುಮಾನ ಹಾಳಾಗ್ಲಿ, ಆ ಫೋಟೊ ಅಜ್ಜಿ ಕೈಗೆ ಕೊಟ್ಬಿಡ್ರಿ" ಎಂದು ತಿಳಿಸಿರುತ್ತಾರೆ. ಮೇಲ್ಮನವಿಯಲ್ಲಿ ಗೆಲುವನ್ನೇ ಕೇಳದಿರುವುದು ನಿಯಮಬಾಹಿರವಾಗಿದ್ದು, ಎಚ್ಚರಿಕೆ ನೀಡಲಾಗಿದೆ.

6. ಈ ವರ್ಷದ ಸ್ಪರ್ಧೆ ಸಮೀಪಿಸಿದ್ದು, ಚೆಕ್‌ಪಾಯಿಂಟ್ ಹೊರಗೆ ಬರಲು ನಿರಾಕರಿಸಿದೆ. ಅದರ ಹೇಳಿಕೆಯನ್ನು ಯಥಾವತ್ ದಾಖಲಿಸಲಾಗಿದೆ: "ಮೊದ್ಲು ಬಂದೋರು ನಿಂತ್ಕಳ್ಳಮ್ಮಾ, ಫೋಟೊ ತಂದು ಕೊಡ್ತೀವಿ ಅಂದ್ರು. ನಿಂತ್ಕಂಡೆ. ಹೋದೋರು ಹೋದ್ರು. ಇವ್ರಾದ್ರೂ ಕೊಟ್ಟಾರು ಅಂತ ಬಂದೋರ ಮುಂದೆಲ್ಲ ನಿಂತೆ, ಮಜ್ಜಿಗೆನೂ ಕೊಟ್ಟೆ. ಓಟಿನ ಕಾರ್ಡಿನಾಗೆ ನನ್ನ ಮುಖ ರೊಟ್ಟಿ ಸುಡೋ ಹಂಚು ಇದ್ದಂಗೈತೆ. ನಾನೂ ನಮ್ಮ ಯಜಮಾನ್ರೂ ಜೋಡಿ ನಿಂತಿರಾದು ಮನ್ಯಾಗೆ ಒಂದೂ ಇಲ್ಲ. ನಮಗೂ ವಯಸ್ಸಾತು. ಅದನ್ನ ಕೊಡೋತಂಕ ಬಾಗ್ಲು ತೆಗಿಯಲ್ಲ, ಹೋಗ್ರಿ."

7. ಬದಲಿ ವ್ಯವಸ್ಥೆಯಾಗಿ ಬೆರಳಚ್ಚುಗಾರ್ತಿ ಕುಮಾರಿ ಉಷಾರಾಣಿಯವರನ್ನು ಪ್ರಭಾರ ಮಲ್ಲಕ್ಕ ಎಂದು ನಿಯೋಜಿಸಲಾಗಿತ್ತು. ಪ್ರಾಯೋಗಿಕ ಫೋಟೊದಲ್ಲಿ ಅವರು ನಕ್ಕಿದ್ದು ಕಂಡುಬಂದಿರುವುದರಿಂದ ನಿಯೋಜನೆಯನ್ನು ರದ್ದುಪಡಿಸಿ ಬೆರಳಚ್ಚು ಯಂತ್ರಕ್ಕೆ ವಾಪಸು ಕಳುಹಿಸಲಾಗಿದೆ.

8. ಕಡತದಲ್ಲಿರುವ ಫೋಟೊಗಳು ಇಲಾಖೆಯ ಸ್ವತ್ತು. ಬೇಡಿಕೆ, ಮುನಿಸು, ಮುಚ್ಚಿದ ಬಾಗಿಲು ಅಥವಾ ಮಜ್ಜಿಗೆಯ ಕಾರಣಕ್ಕಾಗಿ ಯಾರಿಗೂ, ಎಂದಿಗೂ ಕೊಡತಕ್ಕದ್ದಲ್ಲ. ಕಳೆದುಹೋದ ಫೋಟೊಗಳಿಗೆ ಈ ಕಂಡಿಕೆ ಅನ್ವಯಿಸುವುದಿಲ್ಲ.

ಮೇಲ್ಕಂಡ ಸೂಚನೆಗಳನ್ನು ತಪ್ಪಿದವರನ್ನು ಮುಂದಿನ ಸ್ಪರ್ಧೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಬೋರ್ಡಿನ ಬದಲು ನಿಲ್ಲಿಸಲಾಗುವುದು.

ಸಹಿ/-
(ಓಬಳೇಶ್)
ಶಾಖಾಧಿಕಾರಿ

ಪ್ರತಿಗಳು:
1. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕು ಹುಡುಕಾಟ ಸಿಬ್ಬಂದಿಗೆ, ಪಾಲನೆಗಾಗಿ.
2. ಮಾಡದಕೆರೆಯ ಕೋಳಿಗೂಡಿಗೆ, ಬೋರ್ಡಿನ ಹಿಂಬದಿಗೆ ಅಂಟಿಸಲು.
3. ಶ್ರೀ ಮುಝಫರ್ ಅವರಿಗೆ. ತಮ್ಮ ಮೇಲ್ಮನವಿಗೆ ಆಧಾರವಾದ ಫೋಟೊ ಈ ದಿನ ಕಡತದಿಂದ ಕಳೆದುಹೋಗಿರುವುದರಿಂದ ವಿಚಾರಣೆ ಮುಕ್ತಾಯಗೊಳಿಸಲಾಗಿದೆ.
4. ಶ್ರೀ ದೊಡ್ಡತಿಮ್ಮಪ್ಪ ಅವರಿಗೆ, ಈ ವರ್ಷ ಅಂಗಿಯನ್ನು ಮುಂಚಿತವಾಗಿಯೇ ಹಾಕಿಕೊಂಡಿರಲು.
5. ಶ್ರೀಮತಿ ಮಲ್ಲಕ್ಕ, ಹಿರೇಗುಂಟನೂರು, ಇವರಿಗೆ ಬಾಗಿಲ ಸಂದಿಯಿಂದ ತಲುಪಿಸಲು. ಲಗತ್ತು: ಕಳೆದುಹೋದ ಫೋಟೊ, ಕಟ್ಟು ಹಾಕಿಸಿದೆ.