ಬಿಲ್ ಆಗದ ಕರೆಂಟು

ಶಿವಪುತ್ರನ ಆ ದಿನದ ಕೇಡು ಶುರುವಾದದ್ದು ಅವನ ಹೆಂಡತಿಯ ಹೆಮ್ಮೆಯಿಂದ.

ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಇರುವ ಉತ್ತರಪ್ರಭಾ ವಿದ್ಯುತ್ ಕಂಪನಿಯಲ್ಲಿ ಅವನು ಲೆಕ್ಕಪತ್ರ ವಿಭಾಗದ ಗುಮಾಸ್ತ. ಆರು ವರ್ಷದ ಹಿಂದೆ ವಿಜಯಪುರದಿಂದ ಬಂದವನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ಕಂಪನಿ ತನ್ನ ಲಾಭನಷ್ಟವನ್ನು ಪತ್ರಿಕೆಯಲ್ಲಿ ಹಾಕಿಸಬೇಕು, ಕನ್ನಡದಲ್ಲೂ ಹಾಕಿಸಬೇಕು. ಅಂಕಿಗಳ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಈ ಲೆಕ್ಕವನ್ನು ಯಾವ ನೀತಿಯ ಪ್ರಕಾರ ಬರೆದಿದ್ದೇವೆ ಅಂತ ನಾಲ್ಕೈದು ಟಿಪ್ಪಣಿ ಇರುತ್ತವೆ. ಅವನ್ನು ಓದುವವರು ಲೋಕದಲ್ಲಿ ಇಬ್ಬರೇ: ಬರೆದವನು, ಅಚ್ಚಿನ ತಪ್ಪು ತಿದ್ದುವವನು. ಈ ಸಲ ಅದನ್ನು ಕನ್ನಡದಲ್ಲಿ ಬರೆದದ್ದು ಶಿವಪುತ್ರ.

ಬೆಳಿಗ್ಗೆ ಆರೂವರೆಗೆ ಪೇಪರು ಬಿದ್ದದ್ದೇ ಭಾಗ್ಯಶ್ರೀ ಒಂಬತ್ತನೇ ಪುಟ ತೆಗೆದು ಗೇಟಿನ ಹತ್ತಿರ ನಿಂತಿದ್ದ ಮನೆ ಮಾಲೀಕ ಅನಂತರಾಜುವಿನ ಕೈಗಿಟ್ಟಳು.

"ನೋಡ್ರಿ ಅಂಕಲ್, ನಮ್ಮ ಮನಿಯವರು ಬರದದ್ದು ಪೇಪರ್‌ನಾಗ ಬಂದೈತಿ!"

ಅನಂತರಾಜು ಗಂಗಾನಗರದ ಹಳೇ ಒಕ್ಕಲು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅವನು ಹನ್ನೆರಡು ಬಾಡಿಗೆ ಮನೆ ಬೆಳೆದಿದ್ದ. ಕನ್ನಡಕ ಹಣೆಗೇರಿಸಿ, ಪೇಪರನ್ನು ಮೂಗಿಗೆ ತಾಗಿಸಿಕೊಂಡು ಗಟ್ಟಿಯಾಗಿ ಓದಿದ. "ಗ್ರಾಹಕರು ಬಳಸಿದ್ದರೂ ಇನ್ನೂ ಬಿಲ್ ಆಗದ ವಿದ್ಯುತ್ತಿನ ಮೊತ್ತವನ್ನು ಅಂದಾಜಿನ ಮೇಲೆ ಕಂಪನಿಯ ಆದಾಯಕ್ಕೆ ಸೇರಿಸಲಾಗಿದೆ. ಈ ನೀತಿಯಲ್ಲಿ ಯಾವುದೇ ಬದಲಾವಣೆ ಇಲ್ಲ."

ಓದಿ ಮುಗಿಸಿದ. ಆಮೇಲೆ ಇನ್ನೊಮ್ಮೆ ಓದಿದ.

"ಅಂದಾಜಿನ ಮ್ಯಾಲಾ?" ಅಂದ. "ಬಿಲ್ಲೇ ಮಾಡ್ದೆ, ಅಂದಾಜಿಗೆ ನಮ್ ದುಡ್ಡು ಆಕ್ಕೊಂಡವ್ರೆ. ಇಂಗೇ ಮಾಡ್ತೀವಿ, ಬದಲಾಯ್ಸಲ್ಲ ಅಂತ ಪೇಪರ್‌ನಲ್ಲಿ ಬೇರೆ ಬರ್ದವ್ರೆ! ಎಷ್ಟು ಧೈರ್ಯ ನೋಡು!"

ಅವನ ಹೆಸರಿನಲ್ಲಿ ಹನ್ನೆರಡು ಮೀಟರಿದ್ದವು. ಹನ್ನೆರಡರಲ್ಲೂ ಅಂದಾಜು ಓಡುತ್ತಿದೆ ಅಂತ ಅವನಿಗೆ ಅನ್ನಿಸಿತು. ನೇರ ಮೀಟರ್ ಬೋರ್ಡಿನ ಹತ್ತಿರ ಹೋಗಿ, ಮೇನ್ ಸ್ವಿಚ್ಚು ಕೆಳಗೆಳೆದು ಇಡೀ ಕಟ್ಟಡದ ಕರೆಂಟು ತೆಗೆದುಬಿಟ್ಟ.

ಆ ಹೊತ್ತಿಗೆ ಶಿವಪುತ್ರ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ. ದೀಪ ಹೋಯಿತು. ಓಡುತ್ತಿದ್ದ ಮೋಟಾರು ನಿಂತು ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಉರಿಯುವ ಕಣ್ಣು ಮುಚ್ಚಿಕೊಂಡೇ ಟವೆಲು ಸುತ್ತಿ ಹೊರಗೆ ಬಂದರೆ, ಬಾಗಿಲಲ್ಲಿ ಮೂರು ಜನ ನಿಂತಿದ್ದರು. ಅನಂತರಾಜು, ಅವನ ಅತ್ತಿಗೆ ಸೊಣ್ಣಮ್ಮ, ಕೆಳಗಿನ ಅಂಗಡಿಯ ಹಮ್ಜಾ. ಸೊಣ್ಣಮ್ಮ ಹಿತ್ತಲಲ್ಲಿ ನಾಲ್ಕು ಹಸು ಕಟ್ಟಿ ಬೀದಿಗೆಲ್ಲ ತಿಂಗಳ ಲೆಕ್ಕದ ವರ್ತನೆ ಹಾಲು ಹಾಕುವವಳು. ಹಮ್ಜಾನದು ಕೋಳಿ ಅಂಗಡಿ, ಎರಡು ಫ್ರೀಜರಿನ ಯಜಮಾನ.

"ಏನಪ್ಪಾ ಶಿವಪುತ್ರ, ನಮ್ಮನೇಲೇ ಇದ್ಕೊಂಡು ನಮಗೇ ಇಂಗೆ ಬರೆಯೋದಾ?" ಅಂದಳು ಸೊಣ್ಣಮ್ಮ.

"ಹಂಗಲ್ರೀ ಅಮ್ಮಾರ, ಅದು ಲೆಕ್ಕದ ಮಾತು. ನಿಮ್ಮ ಬಿಲ್ಲಿಗೂ ಅದಕ್ಕೂ ಏನೂ..."

"ಸಾರ್, ಲೆಕ್ಕ ಆಮೇಲೆ ಹೇಳಿ," ಅಂದ ಹಮ್ಜಾ. "ಮೊದಲು ಇವರಿಗೆ ಕರೆಂಟ್ ಹಾಕೋಕೆ ಹೇಳಿ. ಒಳಗೆ ಅರವತ್ತು ಕೇಜಿ ಕೋಳಿ ಐತೆ. ಅದು ನಿಮ್ಮ ಅಂದಾಜಿಗೆಲ್ಲ ಕಾಯಲ್ಲ."

"ಆಕಲ್ಲ!" ಅಂದ ಅನಂತರಾಜು. "ಅಂದಾಜಿಗೆ ದುಡ್ಡು ಆಕ್ಕೊಳಲ್ಲ ಅಂತ ಇವರ ಆಫೀಸ್ನೋರು ಬರ್ದು ಕೊಡೋಗಂಟ ಒಂದು ಬಲ್ಬೂ ಉರಿಯಂಗಿಲ್ಲ."

ಶಿವಪುತ್ರ ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು, ಕಿವಿಯ ಹಿಂದಿನ ಸೋಪು ಒರೆಸಿಕೊಳ್ಳದೆ, ಉಪ್ಪಿಟ್ಟು ಬಿಟ್ಟು ಸ್ಕೂಟರು ಹತ್ತಿದ. ಗಂಗಾನಗರದ ತಿರುವಿನಲ್ಲಿ ಕನ್ನಡಿ ನೋಡಿದರೆ ಹಿಂದೆ ಹಮ್ಜಾನ ಸಾಮಾನಿನ ಆಟೋ ಬರುತ್ತಿತ್ತು. ಕೋಳಿ ಬುಟ್ಟಿಗಳ ಜಾಗದಲ್ಲಿ ಅನಂತರಾಜು ನಿಂತಿದ್ದ, ಪಕ್ಕದಲ್ಲಿ ಸೊಣ್ಣಮ್ಮ ಹಾಲಿನ ಕ್ಯಾನು ತಬ್ಬಿಕೊಂಡು ಕೂತಿದ್ದಳು.

ಸುದ್ದಿ ಆಟೋಗಿಂತ ಜೋರಾಗಿ ಓಡಿತ್ತು. ಆರ್.ಟಿ. ನಗರ ಮುಟ್ಟುವಾಗ ಅದು 'ಈ ತಿಂಗಳು ಎರಡೆರಡು ಬಿಲ್ಲು' ಆಗಿತ್ತು. ತಣಿಸಂದ್ರದ ಅಪಾರ್ಟ್‌ಮೆಂಟುಗಳ ವಾಟ್ಸಾಪು ಗುಂಪಿಗೆ ಬೀಳುವಷ್ಟರಲ್ಲಿ 'ಹತ್ತು ವರ್ಷದ ಬಾಕಿ ವಸೂಲಿ' ಆಗಿ ದಪ್ಪಗಾಗಿತ್ತು. ಹತ್ತು ಗಂಟೆಗೆ ಕಂಪನಿಯ ಗೇಟಿನಲ್ಲಿ ಇನ್ನೂರು ಜನ ಸೇರಿದ್ದರು. ಕೆಲವರು ಹಳೇ ಬಿಲ್ಲುಗಳ ಕಟ್ಟನ್ನೇ ತಂದಿದ್ದರು. ಯಾಕೆ ಬಂದಿದ್ದೇವೆ ಅಂತ ಗೊತ್ತಿಲ್ಲದ ಒಂದಿಬ್ಬರು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು.

ಮೂರನೇ ಮಹಡಿಯಲ್ಲಿ ಹಣಕಾಸು ವಿಭಾಗದ ಮುಖ್ಯಸ್ಥೆ ವನಿತಾ ಮೇಡಂ ಕಿಟಕಿಯಿಂದ ಕೆಳಗೆ ನೋಡುತ್ತ ನಿಂತಿದ್ದರು. ಎದುರು ಕುರ್ಚಿಯಲ್ಲಿ ಲೆಕ್ಕ ಪರಿಶೋಧಕ ಖಾದರ್ ಬಾಷಾ. ಈ ಮೂರು ತಿಂಗಳ ಲೆಕ್ಕ ನೋಡಿ, ಸರಿ ಇದೆ ಅಂತ ಸಹಿ ಹಾಕಿದ ಹಿರಿಯರು. ನಲವತ್ತು ವರ್ಷದಲ್ಲಿ ಒಂದು ಅಲ್ಪವಿರಾಮವನ್ನೂ ತಪ್ಪು ಬಿಟ್ಟವರಲ್ಲ ಅಂತ ಹೆಸರು.

"ಈ ಕನ್ನಡ ಬರೆದಿದ್ದು ಯಾರು?" ಅಂದರು ವನಿತಾ ಮೇಡಂ, ಒಳಗೆ ಬಂದ ಶಿವಪುತ್ರನನ್ನು ನೋಡಿ.

"ನಾನ ರೀ ಮೇಡಂ."

"ಒಂದೇ ಸಾಲಲ್ಲಿ ಅರ್ಧ ಊರನ್ನ ಗೇಟಿಗೆ ಕರೆಸಿದೀರಲ್ರೀ! ನಿಮ್ಮನ್ನ ಕಾಯಂ ಮಾಡೋ ಫೈಲು ಇವತ್ತೇ ನನ್ನ ಟೇಬಲ್ ಮೇಲೆ ಬಂದಿದೆ, ಗೊತ್ತಾ? ಮೊದಲು ಆ ಸಾಲು ತೆಗೆದು ತಿದ್ದುಪಡಿ ಹಾಕ್ಸಿ."

ಶಿವಪುತ್ರ ಕಿವಿಯ ಹಿಂದಿನ ಸೋಪು ಒರೆಸಿಕೊಂಡ. ಅವನ ಪರವಾಗಿ ಬಾಷಾ ಸಾಹೇಬರೇ ಮಾತಾಡಿದರು.

"ತೆಗೆಯೋ ಹಾಗಿಲ್ಲಮ್ಮ. ಸಾಲು ಸರಿಯಾಗೇ ಇದೆ. ವರ್ಷದ ಲೆಕ್ಕಕ್ಕೆ ಯಾವ ನೀತಿಯೋ ಮೂರು ತಿಂಗಳ ಲೆಕ್ಕಕ್ಕೂ ಅದೇ ನೀತಿ. ಅದನ್ನ ಹೇಳಲೇಬೇಕು. ನಾಳೆ ತೆಗೆದರೆ, ನೀತಿ ಯಾಕೆ ಬದಲಾಯ್ತು ಅಂತ ನಾನೇ ಕೇಳಬೇಕಾಗುತ್ತೆ."

"ಹಾಗಾದ್ರೆ ಕೆಳಗಿರೋ ಜನಕ್ಕೆ ಹೇಳೋರು ಯಾರು?"

ಇಬ್ಬರೂ ಒಟ್ಟಿಗೆ ಶಿವಪುತ್ರನ ಕಡೆ ತಿರುಗಿದರು.

ಶಿವಪುತ್ರ ಮೆಟ್ಟಿಲಿಳಿದ. ಹೊಟ್ಟೆಯಲ್ಲಿ ಬೆಳಿಗ್ಗೆಯಿಂದ ಒಂದು ಲೋಟ ಚಹಾ ಕೂಡ ಇರಲಿಲ್ಲ. ಗೇಟಿನ ಹತ್ತಿರ ಬಂದದ್ದೇ ತಡ, ಎಲ್ಲರೂ ಒಟ್ಟಿಗೆ ಕಿರುಚಿದರು. ಅವನೂ ಕೈ ಮುಗಿದು ಏನೋ ಹೇಳಿದ. ಅದು ಅವನಿಗೇ ಕೇಳಿಸಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಮುಂದೆಯೇ ನಿಂತಿದ್ದ ಸೊಣ್ಣಮ್ಮನ ಹಾಲಿನ ಕ್ಯಾನು.

"ಅಮ್ಮಾರ!" ಅಂತ ಕೂಗಿದ. "ನೀವು ವರ್ತನೆ ಹಾಲಿನ ಲೆಕ್ಕ ಯಾವಾಗ ಮಾಡ್ತೀರಿ?"

ಜನ ಸ್ವಲ್ಪ ಸುಮ್ಮನಾದರು. ಕರೆಂಟಿನ ಜಗಳಕ್ಕೆ ಹಾಲು ಯಾಕೆ ಬಂತು ಅಂತ ಅವರಿಗೂ ಕುತೂಹಲ.

"ಐದನೇ ತಾರೀಕು," ಅಂದಳು ಸೊಣ್ಣಮ್ಮ.

"ಐದಕ್ಕ ಲೆಕ್ಕ ಮಾಡಿ ರೊಕ್ಕ ತಗೊಂಡ್ರಿ. ಆರರಿಂದ ಮತ್ತ ಹಾಲು ಹಾಕೀರಿ. ಮೂವತ್ತಕ್ಕ ಯಾರರ ಬಂದು, ನಿಮ್ಮ ಗಳಿಕೆ ಎಷ್ಟು ಅಂತ ಕೇಳಿದ್ರ, ಆ ಹಾಲು ಬಿಟ್ಟು ಹೇಳ್ತೀರೇನು?"

"ಯಾಕ್ ಬಿಡ್ಲಿ? ಕುಡಿದ್ಮ್ಯಾಕೆ ಅದು ನಂದೇ ದುಡ್ಡು ಅಲ್ವಾ? ಚೀಟಿ ಬರೆಯೋದು ಐದಕ್ಕೆ, ಅಷ್ಟೇಯ."

"ಅಷ್ಟ ರೀ ನಾವೂ ಬರದದ್ದು! ನೀವು ಸುಟ್ಟ ಕರೆಂಟಿಗೆ ಬಿಲ್ಲು ಇನ್ನೂ ಬಂದಿಲ್ಲ. ನಮ್ಮ ಪುಸ್ತಕದಾಗ ಮಾತ್ರ, ಇಷ್ಟು ಬರೋದೈತಿ ಅಂತ ಅಂದಾಜು ಬರಕೊಂಡೀವಿ. ನಿಮ್ಮ ಬಿಲ್ಲು ಮೀಟರ್ ನೋಡೇ ಬರ್ತೈತಿ. ಒಂದು ಪೈಸೆ ಹೆಚ್ಚಿಲ್ಲ."

ಸೊಣ್ಣಮ್ಮ ಹಿಂದೆ ತಿರುಗಿದಳು. "ಸುಮ್ಕಿರ್ರೋ! ಆಲಿನ ಲೆಕ್ಕ ಇದು! ಉಡುಗ ಸರ್ಯಾಗೇ ಬರ್ದವ್ನೆ!"

ಅನಂತರಾಜು ಬೆರಳು ಮಡಿಸಿ ಏನೋ ಎಣಿಸಿ ತಲೆದೂಗಿದ. ಹಮ್ಜಾ ಆಗಲೇ ಮನೆಗೆ ಫೋನು ಮಾಡಿ, "ಮೇನ್ ಹಾಕ್ಸು, ಜಲ್ದಿ!" ಅಂತ ಕೂಗುತ್ತಿದ್ದ. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಗಲಾಟೆ ನಿಂತದ್ದು ನೋಡಿ ವನಿತಾ ಮೇಡಂ ಬಾಷಾ ಸಾಹೇಬರ ಜೊತೆ ಕೆಳಗಿಳಿದು ಬಂದರು. ಒಂದು ಕೈಯಲ್ಲಿ ಶಿವಪುತ್ರನ ಫೈಲು, ಇನ್ನೊಂದರಲ್ಲಿ ಮುಚ್ಚಳ ತೆಗೆದ ಪೆನ್ನು. ಶಿವಪುತ್ರ ಇಸ್ತ್ರಿ ಇಲ್ಲದ ಅಂಗಿಯನ್ನು ಎಳೆದು ಸರಿ ಮಾಡಿಕೊಂಡ.

"ಆದ್ರೂ ಒಂದ್ ಮಾತು," ಅಂದಳು ಸೊಣ್ಣಮ್ಮ. ವ್ಯಾಪಾರದ ಮಾತು ಬಂದರೆ ಅವಳಿಗೆ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ. "ನೀವು ಎಷ್ಟು ದಿನದ್ದು ಅಂದಾಜು ಬರ್ಕೊಂಡ್ರಿ?"

"ಹದಿನೈದು ದಿನದ್ದುರಿ. ಮೀಟರ್ ನೋಡೋರು ಹದಿನೈದಕ್ಕ ಬರ್ತಾರ. ಅಲ್ಲಿಂದ ಮೂರು ತಿಂಗಳ ಲೆಕ್ಕ ಮುಗಿಯೋ ಸೆಪ್ಟೆಂಬರ್ ಮೂವತ್ತಕ್ಕ ಹದಿನೈದು ದಿನ."

"ಅದಿನೈದಕ್ಕಾ? ಎಲ್ಲಪ್ಪಾ? ನಮ್ಮನೆಗೆ ಎಂಟಕ್ಕೇ ಬತ್ತಾರೆ."

"ನಮಗೂ ಎಂಟೇ," ಅಂದ ಅನಂತರಾಜು. "ಆಗಸ್ಟ್‌ನಿಂದ ಬದಲಾಗೈತಲ್ಲ."

"ತಣಿಸಂದ್ರಕ್ಕೂ ಎಂಟನೇ ತಾರೀಕೇ ಸಾರ್," ಅಂತ ಹಿಂದಿನಿಂದ ಒಬ್ಬರು ಬಿಲ್ಲಿನ ಕಟ್ಟು ಎತ್ತಿ ಹಿಡಿದರು. ನೋಡನೋಡುತ್ತ ಬಿಲ್ಲು ಹಿಡಿದ ಕೈಗಳೆಲ್ಲ ಮೇಲೆದ್ದವು. ಆಗಸ್ಟಿನಿಂದ ಈಚಿನ ಎಲ್ಲ ಬಿಲ್ಲಿನಲ್ಲೂ ಎಂಟು.

"ಅಂಗಾರೆ ಎಂಟರಿಂದ ಮೂವತ್ತಕ್ಕೆ ಇಪ್ಪತ್ತೆರಡು ದಿನ ಆಯ್ತದೆ," ಅಂದಳು ಸೊಣ್ಣಮ್ಮ ಮರುಕದಿಂದ. "ಏಳು ದಿನದ ಆಲು ಬರ್ಕೊಳ್ಳೋದೇ ಮರ್ತಿದ್ದೀಯಲ್ಲೋ ಮಗಾ!"

ಶಿವಪುತ್ರ ಮೆಲ್ಲಗೆ ತಿರುಗಿ ನೋಡಿದ. ಮೀಟರ್ ವಿಭಾಗದವರು ತಾರೀಕು ಬದಲಾಯಿಸಿದ್ದನ್ನು ಲೆಕ್ಕದ ವಿಭಾಗಕ್ಕೆ ಯಾರೂ ಹೇಳಿರಲಿಲ್ಲ. ಲೆಕ್ಕದ ವಿಭಾಗದವರೂ ಕೇಳಿರಲಿಲ್ಲ. ಬಾಷಾ ಸಾಹೇಬರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಆ ಹದಿನೈದು ದಿನಕ್ಕೆ ಅವರ ಸಹಿಯೂ ಇತ್ತು.

"ನೀತಿ ಸರಿಯಾಗಿದೆ," ಅಂದರು ಅವರು. "ಅಂದಾಜು ತಪ್ಪು."

ವನಿತಾ ಮೇಡಂ ಪೆನ್ನಿಗೆ ಮುಚ್ಚಳ ಹಾಕಿ, ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡರು. "ಎಷ್ಟಾಗುತ್ತೆ?"

"ಏಳು ದಿನದ್ದು... ನಲವತ್ತು ಕೋಟಿ ಹತ್ತಿರ ಹತ್ತಿರ," ಅಂದರು ಬಾಷಾ ಸಾಹೇಬರು. "ಲಾಭ ಜಾಸ್ತಿಯೇ ಆಗುತ್ತೆ. ಆದರೆ ಪತ್ರಿಕೆಯಲ್ಲಿ ಹಾಕಿ ಆಗಿದೆ. ಇವತ್ತೇ ತಿದ್ದಬೇಕು, ನಾಳೆಯೇ ಮತ್ತೆ ಪ್ರಕಟಿಸಬೇಕು."

ಜನ ಖುಷಿಯಾಗಿ ಚದುರಿದರು. ಸೊಣ್ಣಮ್ಮ ಹೋಗುವಾಗ ಶಿವಪುತ್ರನ ಬೆನ್ನು ತಟ್ಟಿ ಹೋದಳು. ಅವನು ಮಾತ್ರ ಮೂರನೇ ಮಹಡಿಗೆ ಹೋಗಿ, ಊಟ ಬಿಟ್ಟು, ಪ್ರತಿ ಬಡಾವಣೆಯ ತಾರೀಕನ್ನೂ ಮತ್ತೆ ತೆಗೆದು ಕೂಡಿಸಿದ. ಐದು ಗಂಟೆಗೆ ನಿರ್ದೇಶಕರು ಫೋನಿನಲ್ಲೇ ಸಭೆ ಸೇರಿ, ಬೈದು, ಒಪ್ಪಿದರು. ಉಳಿದದ್ದು ಕನ್ನಡದ ಟಿಪ್ಪಣಿಯೊಂದೇ.

ಶಿವಪುತ್ರ ಅದನ್ನು ಒಂಬತ್ತು ಸಲ ಬರೆದ. ಸೌಮ್ಯವಾಗಿ ಬರೆದರೆ ಬಾಷಾ ಸಾಹೇಬರು ಹೊಡೆದು ಹಾಕುತ್ತಿದ್ದರು, ಅವರು ಒಪ್ಪುವ ಹಾಗೆ ಬರೆದರೆ ಅವನೇ ಹೊಡೆದು ಹಾಕುತ್ತಿದ್ದ. ಕೊನೆಗೆ ಅಚ್ಚಿಗೆ ಹೋದದ್ದು ಹೀಗಿತ್ತು: 'ಗ್ರಾಹಕರಿಗೆ ಇನ್ನೂ ಬಿಲ್ ಮಾಡದ ವಿದ್ಯುತ್ತಿನ ಅಂದಾಜನ್ನು ನಲವತ್ತು ಕೋಟಿ ರೂಪಾಯಿಗಳಷ್ಟು ಹೆಚ್ಚಿಸಲಾಗಿದೆ.'

ಅದನ್ನು ಓದಿ ಮುಗಿಸಿದ ವನಿತಾ ಮೇಡಂ ಮುಂದೆ ಅವನು ಕೈ ಕಟ್ಟಿಕೊಂಡು ನಿಂತ.

"ಮೇಡಂ, ನಾಳಿಗೆ ಒಂದು ದಿನ ರಜಾ ಬೇಕಾಗಿತ್ರಿ. ಊರಿಗೆ ಹೋಗಿ ಬರ್ತೀನಿ."

"ನಾಳೆನಾ? ಛೇ, ನಾಳೆ ಜನಕ್ಕೆ ಹೇಳೋಕೆ ನೀವಿಲ್ದೆ ಆಗಲ್ಲ ಕಣ್ರೀ," ಅಂದರು ವನಿತಾ ಮೇಡಂ, ಆಗಲೇ ಯಾರಿಗೋ ಹಚ್ಚಿದ್ದ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು. "ಬೆಳಿಗ್ಗೆ ಎಂಟಕ್ಕೇ ಗೇಟ್ ಹತ್ರ ಶಾಮಿಯಾನ ಹಾಕ್ಸ್ತಾ ಇದೀನಿ, ಮೈಕೂ ಹೇಳಿದೀನಿ. ಕುರ್ಚಿ ಇನ್ನೂರು ಸಾಕಾಗುತ್ತಾ?"

ಶಿವಪುತ್ರ ತನ್ನ ಸಾಲನ್ನು ಮತ್ತೊಮ್ಮೆ ಓದಿಕೊಂಡ.

"ಐನೂರು ಹೇಳ್ರಿ ಮೇಡಂ," ಅಂದ.