ಕೆಂಪುಗುಡ್ಡದ ಏರಿನಲ್ಲಿ ಬೀಗರ ಮಹಾಸಮರ

ಎಲೈ ಕಾಲಪುರುಷನೇ, ಸಾವಧಾನವಾಗಿ ಕೇಳು. ಭೂಮಂಡಲವನ್ನು ಹೊತ್ತ ದಿಗ್ಗಜಗಳೇ, ಒಂದು ಗಳಿಗೆ ಕಿವಿ ಬೀಸುವುದನ್ನು ನಿಲ್ಲಿಸಿ. ರಥಗಳು ಮುರಿದು, ತುರಗಗಳು ಟಾಂಗಾಕ್ಕಿಳಿದು, ದ್ವಿಚಕ್ರವೊಂದೇ ಪರಮವಾಹನವೆಂದು ಮೆರೆದ ಈ ಕಲಿಯುಗದಲ್ಲಿ, ಜಮಖಂಡಿಯ ಹಿಟ್ಟಿನ ಗಿರಣಿಯ ಘರ್ಘರಘೋಷದ ನಡುವೆ ಬಾಳಿದ, ಜೋಳಪಿಷ್ಟಧವಳಿತಶ್ಮಶ್ರುಭೂಷಿತನಾದ ಗುರಪಾದಪ್ಪನೆಂಬ ವೀರನ ಕಥೆಯಿದು.

ಆ ವರ್ಷ ಶ್ರಾವಣಕ್ಕೆ ಮುಂಚೆ ‘ದಖ್ಖನ್ ಪ್ರದಕ್ಷಿಣೆ’ ಎಂಬ ಏಳು ಹಂತಗಳ ಸೈಕಲ್ ದಿಗ್ವಿಜಯ ಆ ಸೀಮೆಗೆ ಬಂದಿತ್ತು. ದಿನಕ್ಕೊಂದು ಹಂತ, ಅಂದಿನವರೆಗಿನ ಎಲ್ಲ ಹಂತಗಳನ್ನೂ ಕೂಡಿಸಿ ಕಡಿಮೆ ಹೊತ್ತಿನಲ್ಲಿ ತುಳಿದವನಿಗೆ ಮರುದಿನ ತೊಡಲು ಹಳದಿ ಅಂಗಿ. ಸಪ್ತಸಾಗರಗಳ ಆಚೆಯಿಂದ ಬಂದ ಸವಾರರಲ್ಲಿ ಇಬ್ಬರು ಮಹಾರಥರು: ಇಟಲಿಯ ಮತ್ತೇಯೊ, ಹಾಲೆಂಡಿನ ಈವೊ. ಗುರಪಾದಪ್ಪ ಮತ್ತೇಯೊನನ್ನು ಮೊದಲ ದಿನವೇ ಟೀವಿಯಲ್ಲಿ ಕಂಡು, ಮನಸೋತು, ‘ಮುತ್ತಯ್ಯ’ ಎಂದು ನಾಮಕರಣ ಮಾಡಿ ಮನೆಮಗನಂತೆ ಎದೆಗೆ ಹಚ್ಚಿಕೊಂಡಿದ್ದ.

ಆದರೆ ವಿಧಿ ಸುಮ್ಮನಿರಲಿಲ್ಲ. ಅವನ ಮಗಳು ಸುಗಲಾಳನ್ನು ಕೊಟ್ಟಿದ್ದು ಮುಧೋಳಕ್ಕೆ. ಆ ಮನೆಯ ಯಜಮಾನ, ಸ್ಟೀಲ್ ಪಾತ್ರೆಗಳ ವ್ಯಾಪಾರಿ, ಕೊಡಪಾನಕಟಾಹಕುಲಾಧಿಪತಿ ಚನಮಲ್ಲಪ್ಪ. ಗುರಪಾದಪ್ಪನಿಗೆ ಸಾಕ್ಷಾತ್ ಬೀಗ. ಆ ಬೀಗನಾದರೋ ಈವೊನ ಭಕ್ತ. ಅವನ ಬಾಯಲ್ಲಿ ಈವೊ ‘ಈವಪ್ಪ’ನಾಗಿದ್ದ.

ನಾಲ್ಕನೆಯ ಹಂತದಲ್ಲಿ ಕಿಡಿ ಹೊತ್ತಿತು. ದಿನವಿಡೀ ಈವೊ ಎದುರುಗಾಳಿಗೆ ಎದೆಯೊಡ್ಡಿ ತುಳಿದ. ಮತ್ತೇಯೊ ಅವನ ಬೆನ್ನ ಮರೆಯಲ್ಲಿ ತಣ್ಣಗೆ ಬಂದವನು ಗೆರೆ ಹತ್ತಿರವಾದಾಗ ಚಂಗನೆ ಜಿಗಿದು ಗೆದ್ದು, ಹಳದಿ ಅಂಗಿಯನ್ನೂ ಕಸಿದುಬಿಟ್ಟ. ಮುಧೋಳದಿಂದ ಕೂಡಲೇ ಫೋನು ಗುಡುಗಿತು.

“ಬೀಗರ, ನಮಸ್ಕಾರ್ರಿ. ಊಟ ಆತ್ರಿ? ನಿಮ್ಮ ಮುತ್ತಯ್ಯ ಕಳ್ಳ ಅದಾನ್ರಿ.”

“ಆತ್ರಿ ಬೀಗರ, ನಿಮ್ಮದಾತ್ರಿ? ಅದಕ್ಕ ಕಳ್ಳತನ ಅನ್ನೂದಿಲ್ರಿ, ಬುದ್ಧಿ ಅಂತಾರ್ರಿ. ನಿಮ್ಮ ಈವಪ್ಪಗ ಅದೊಂದು ಕಡಿಮಿ ಐತಿ.”

 ಕೂಡಲೇ ಅತ್ತಲಿಂದ ಚನಮಲ್ಲಪ್ಪನ ಘೋರಪ್ರತಿಜ್ಞೆ: “ನಿಮ್ಮಂವ ಬೆನ್ನ ಹಿಂದ ಅಡಗಿ ಗೆದ್ದಾನ ಅಂತ ನಿಮ್ಮ ಬಾಯಾಗ ಬರೂತನಕ ನಾಗರ ಪಂಚಮಿಗೆ ಮಗಳನ್ನ ಕರಿಯಾಕ ಬರಬ್ಯಾಡ್ರಿ. ಇಡ್ತೀನ್ರಿ, ತಪ್ಪ ತಿಳೀಬ್ಯಾಡ್ರಿ.”

ಗುರಪಾದಪ್ಪ ಫೋನು ಕೆಳಗಿಟ್ಟ. ಮಗಳಿಲ್ಲದ ಪಂಚಮಿ! ಖಾಲಿ ಜೋಕಾಲಿ ಕಣ್ಣ ಮುಂದೆ ತೂಗಿತು.  ಆದರೂ ವೀರನಾದವನು ಮುತ್ತಯ್ಯನನ್ನು ಕಳ್ಳನೆನ್ನುವುದುಂಟೇ? ಆ ನಾಲಿಗೆ ಏಳಲಿಲ್ಲ.

ಐದನೆಯ ಹಂತ ಕೆಂಪುಗುಡ್ಡದ ಏರಿನಲ್ಲಿ ಹಾಯುವುದಿತ್ತು. ಸೂರ್ಯನು ಪೂರ್ವಾದ್ರಿಯ ಮೇಲೆ ಆಕಳಿಸುತ್ತಿರುವಾಗಲೇ ಗುರಪಾದಪ್ಪ ಕಡಿದಾದ ತಿರುವನ್ನು ಆಕ್ರಮಿಸಿದ. ಸವಾರನ ಹೆಸರನ್ನು ರಸ್ತೆಯ ಮೇಲೆ ಬರೆದರೆ ಅವನಿಗೆ ಕಾಲಲ್ಲಿ ಕಸುವು ಬರುತ್ತದೆಂದು ಟೀವಿಯಲ್ಲಿ ಕಂಡಿದ್ದ. ಸುಣ್ಣವನ್ನು ಮರೆತು ಬಂದಿದ್ದರೂ ಧೃತಿಗೆಡದೆ, ಗಿರಣಿಯಿಂದ ತಂದ ಜೋಳದ ಹಿಟ್ಟಿನಲ್ಲೇ ಆಳೆತ್ತರದ ಅಕ್ಷರಗಳಲ್ಲಿ ‘ಮುತ್ತಯ್ಯ’ ಎಂದು ರಂಗೋಲಿಯಂತೆ ಬಿಡಿಸಿದ.

ಅಷ್ಟರಲ್ಲಿ ಕೊಡಪಾನವೊಂದನ್ನು ಸೌಟಿನಿಂದ ರಣಭೇರಿಯಂತೆ ಬಾರಿಸುತ್ತ ಚನಮಲ್ಲಪ್ಪ ಏರಿ ಬಂದ. ಹಿಂದೆ ಬುತ್ತಿಯನ್ನೂ ನೀರು ತುಂಬಿದ ಇನ್ನೊಂದು ಕೊಡಪಾನವನ್ನೂ ಹೊತ್ತ ಸುಗಲಾ.

“ಶರಣ್ರಿ ಬೀಗರ. ಈ ತಿರುವು ಬಿಡ್ರಿ. ನಮ್ಮ ಈವಪ್ಪ ಗಾಳಿ ಸೀಳಾಂವ. ಅಂವ ಇಲ್ಲಿ ಹಾದ್ರ ಗುಡ್ಡ ಎದ್ದು ದಾರಿ ಬಿಡತೈತಿ!”

“ಶರಣ್ರಿ. ನಮ್ಮ ಮುತ್ತಯ್ಯ ಹಾದ್ರ ಗುಡ್ಡಕ್ಕ ಗೊತ್ತ ಆಗೂದಿಲ್ರಿ, ಅಷ್ಟು ಹಗರ ತುಳಿತಾನ. ಕುಂದರ್ರಿ, ನೀರ ಕುಡೀರಿ. ತಿರುವು ಬಿಡೂದಿಲ್ರಿ!”

“ಅಪ್ಪಾ, ಮಾವಾರ, ಸಾಕ ಮಾಡ್ರಿ,” ಎಂದಳು ಸುಗಲಾ. “ಅವರಿಬ್ಬರಿಗೂ ನೀವ್ಯಾರಂತ ಗೊತ್ತಿಲ್ಲ. ನನ್ನ ಪಂಚಮಿ ಯಾಕ ಹಾಳ ಮಾಡ್ತೀರಿ?”

ಆದರೆ ರಣೋನ್ಮಾದದಲ್ಲಿರುವವರಿಗೆ ಸುಜ್ಞಾನ ಕೇಳೀತೇ? ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಸಮೀಪ ನಿಂತು, ಒಬ್ಬರನ್ನೊಬ್ಬರು ಬಹುವಚನದಲ್ಲೇ ಮೂದಲಿಸುತ್ತಿರಲು, ಗುಡ್ಡದ ಮೇಲಿಂದ ಕರಾಳವಕ್ರಶೃಂಗಿಗಳಾದ ಆಡುಗಳ ಅಕ್ಷೌಹಿಣಿಯೊಂದು ಇಳಿದು ಬಂದು, ‘ಮುತ್ತಯ್ಯ’ನ ಮೇಲೆ ಮುತ್ತಿಗೆ ಹಾಕಿ, ಒತ್ತಕ್ಷರದಿಂದ ಶುರುಮಾಡಿ ನೆಕ್ಕತೊಡಗಿತು.

ಅದೇ ಹೊತ್ತಿಗೆ ಕೆಳಗಿನಿಂದ ಪೊಲೀಸ್ ಮೋಟಾರ್ ಸೈಕಲ್ಲಿನ ಸೈರನ್ ಮೊಳಗಿತು. ರಸ್ತೆ ತುಂಬ ಆಡುಗಳು!

“ಬೀಗರ, ಹುಡುಗೂರು ಬಿದ್ದು ಕೈಕಾಲು ಮುರಕೊಂಡಾರ್ರಿ!” ಗುರಪಾದಪ್ಪ ಕೂಗಿದ.

“ನೀವು ಆ ಕಡೆ ಹಿಡೀರಿ, ನಾ ಈ ಕಡೆ!” ಎಂದ ಚನಮಲ್ಲಪ್ಪ.

ಆಗ ನಡೆದದ್ದನ್ನು ಯಾವ ನಾಲಿಗೆ ಬಣ್ಣಿಸೀತು! ಒಬ್ಬನ ಸೌಟು, ಇನ್ನೊಬ್ಬನ ಖಾಲಿ ಹಿಟ್ಟಿನ ಚೀಲ. ಒಬ್ಬನ ಧೋತರ ಒಂದು ಹೋತದ ಬಾಯಲ್ಲಿ, ಇನ್ನೊಬ್ಬನ ಟೋಪಿ ಇನ್ನೊಂದರ ಕಾಲ ಕೆಳಗೆ. ಹೆಗಲಿಗೆ ಹೆಗಲು ಕೊಟ್ಟು, ಬೈದು, ಬಡಿದು, ಬೇಡಿಕೊಂಡು, ಕಡೆಯ ಮರಿಯನ್ನು ಅವರು ಎತ್ತಿ ಹಳ್ಳದತ್ತ ಹಾಕುತ್ತಿರುವಾಗ ಬೆನ್ನ ಹಿಂದೆ ‘ಸುಂಯ್’ ಎಂದು ಗಾಳಿ ಬೀಸಿತು. ತಿರುಗಿ ನೋಡುವಷ್ಟರಲ್ಲಿ ಸೈಕಲ್ ಸೈನ್ಯ ತಿರುವು ದಾಟಿತ್ತು.

“ಯಾರ ಮುಂದಿದ್ರವ್ವಾ?” ಇಬ್ಬರೂ ಒಟ್ಟಿಗೆ ಕೇಳಿದರು.

“ಇಬ್ಬರೂ ಕಾಣ್ಲಿಲ್ಲ,” ಎಂದಳು ಸುಗಲಾ. “ಹಳದಿ ಅಂಗೀನೂ ಇರ್ಲಿಲ್ಲ.”

ನಂಬದೆ ನಿಂತಿದ್ದಾಗ ದಂಡಿನ ಕೊನೆಯ ವ್ಯಾನು, ಪಂದ್ಯ ಬಿಟ್ಟವರನ್ನು ಹೊತ್ತು ತರುವ ವ್ಯಾನು, ಏದುಸಿರು ಬಿಡುತ್ತ ಬಂದು ಅವರ ಮುಂದೆಯೇ ನಿಂತಿತು. ಕಿಟಕಿಯಲ್ಲಿ ಹಳದಿ ಅಂಗಿಯ ಮತ್ತೇಯೊ. ಅವನ ಹೆಗಲ ಮೇಲೆ ತಲೆಯಿಟ್ಟು ಮುಲುಗುತ್ತಿದ್ದವನು ಈವೊ. ಡ್ರೈವರ್ ಇಳಿದು ಕೈಮುಗಿದ.

“ನಿನ್ನಿ ರಾತ್ರಿ ಇಬ್ರೂ ಜಿದ್ದಿಗೆ ಬಿದ್ದು ಮಿರ್ಚಿ ತಿಂದಾರ್ರಿ, ಯಾರ ಹೆಚ್ಚು ತಿಂತಾರ ಅಂತ. ಮುಂಜಾನಿಂದ ಹೊಟ್ಟಿ ಜಾಡಿಸಾಕತ್ತೈತ್ರಿ, ಇದು ಎಷ್ಟನೇ ಸಲಾನೋ. ನೀರೇನಾರ ಐತೇನ್ರಿ?”

ಚನಮಲ್ಲಪ್ಪ ಸುಗಲಾ ತಂದಿದ್ದ ನೀರಿನ ಕೊಡಪಾನವನ್ನೇ ಮುಂದಿಟ್ಟ. ಡ್ರೈವರ್ ವ್ಯಾನಿನಿಂದ ತಾಡಪಾಲು ಎಳೆದುಕೊಟ್ಟ. ಆ ಬಟ್ಟಬಯಲ ಗುಡ್ಡದಲ್ಲಿ ಅದರ ಒಂದು ತುದಿಯನ್ನು ಗುರಪಾದಪ್ಪ, ಇನ್ನೊಂದನ್ನು ಚನಮಲ್ಲಪ್ಪ ಹಿಡಿದು, ಹಿಂದೆ ಇಬ್ಬರು ಮಹಾರಥರು ಮರೆಯಲ್ಲಿ ಕುಳಿತುಕೊಳ್ಳಲು, ಬೆನ್ನು ತಿರುಗಿಸಿ ದ್ವಾರಪಾಲಕರಂತೆ ನಿಂತರು. ಸುಗಲಾ ವ್ಯಾನಿನ ಆಚೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡಳು.



“ಪಂಚಮಿಗೆ ಎರಡು ದಿನ ಮೊದಲ ಬರ್ರಿ,” ಎಂದ ಚನಮಲ್ಲಪ್ಪ, ಆಕಾಶ ನೋಡುತ್ತ. “ಕರ್ಕೊಂಡು ಹೋಗೀರಂತ.”

“ಬರ್ತೀನ್ರಿ ಬೀಗರ,” ಎಂದ ಗುರಪಾದಪ್ಪ. 

ತಾಡಪಾಲಿನ ಹಿಂದೆ ಸದ್ದಾಯಿತು. ಲಾಡಿ ಬಿಗಿಯುತ್ತ ಒಬ್ಬ ಹೊರಬಂದ. ಗುರಪಾದಪ್ಪ ಓರೆಗಣ್ಣಿನಲ್ಲಿ ನೋಡಿದ. ಅಂಗಿ ಹಳದಿ.

“ನೋಡ್ರಿ ಬೀಗರ,” ಎಂದ ಮೆಲ್ಲಗೆ, ತಡೆಯಲಾರದೆ, “ನಮ್ಮಂವ ಮೊದಲ ಎದ್ದ.”