ದಿನಾರ್ ಏರಬೇಕಿದ್ದ ಗುರುವಾರ

"ಈ ಗುರುವಾರ ನೋಡ್ತಾ ಇರು. ಸಂಸತ್ತಲ್ಲಿ ಸುಧಾರಣಾ ಮಸೂದೆ ಪಾಸಾಗುತ್ತೆ, ದಿನಾರ್ ಎದ್ದು ನಿಲ್ಲುತ್ತೆ, ಡಾಲರ್ ಮಕಾಡೆ ಬೀಳುತ್ತೆ. ಅದೇ ಗಳಿಗೇಲಿ ನಾನು ನಮ್ಮ ಸಿನಾನ್ ಮದುವೆಯ ಮೆಹರ್ ಮಾತು ಮುಗಿಸ್ತೀನಿ. ಬಾಗ್ದಾದಿನಲ್ಲಿ ಇಷ್ಟು ಲೆಕ್ಕಾಚಾರದಿಂದ ಯಾವ ಗಂಡಸೂ ಸೊಸೆ ತಂದಿರಬಾರದು, ಹಾಗೆ ತರ್ತೀನಿ!"

ಹೀಗೆ ಘೋಷಣೆ ಹೊರಡಿಸಿದ ಅಬು ಸಿನಾನ್ ಮೇಷ್ಟ್ರು ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರು. ನಿವೃತ್ತರಾದ ಮೇಲೆ ಭೂಗೋಳವನ್ನು ಅದರ ಪಾಡಿಗೆ ಸುತ್ತಲು ಬಿಟ್ಟು ದಿನಾರಿನ ಬೆನ್ನು ಹತ್ತಿದರು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಡಾಲರಿನ ದರ ನೋಡಬೇಕು, ಮಲಗುವ ಮೊದಲು ಮಂತ್ರಿಗಳ ಮುಖ ನೋಡಬೇಕು. ಯಾವ ಪಕ್ಷ ಯಾವ ಪಕ್ಷದ ಜೊತೆ ಊಟ ಮಾಡಿತು, ಯಾರು ಊಟ ಬಿಟ್ಟು ಎದ್ದರು, ಅದರಿಂದ ದಿನಾರಿಗೆ ಎಷ್ಟು ಬಲ ಬಂತು ಎಂಬುದೆಲ್ಲ ಅವರ ಬಾಯಲ್ಲೇ ಇತ್ತು. ಮಂತ್ರಿಗೆ ಸೀನು ಬಂದರೆ ದಿನಾರಿಗೆ ನೆಗಡಿ ಎಷ್ಟು ದಿನ ಎಂದು ಹೇಳಬಲ್ಲವರು ನಮ್ಮ ಬೀದಿಯಲ್ಲಿ ಅವರೊಬ್ಬರೇ.

ಹೆಂಡತಿ ಉಮ್ಮು ಸಿನಾನ್ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಆಕೆ ಬೀದಿಯ ಹೆಣ್ಣುಮಕ್ಕಳಿಗೆ ಬಟ್ಟೆ ಹೊಲಿದು ತನ್ನ ಕೈಖರ್ಚು ತಾನೇ ದುಡಿಯುವವಳು.

"ಹೋದ ವರ್ಷವೂ ಇದನ್ನೇ ಹೇಳಿದ್ರಿ."

"ಹೋದ ವರ್ಷ ಬಜೆಟ್ ತಡವಾಯ್ತು."

"ಅದರ ಹಿಂದಿನ ವರ್ಷ?"

"ಆಗ ಸರ್ಕಾರವೇ ರಚನೆ ಆಗಿರಲಿಲ್ಲವಲ್ಲೇ."

"ಸರ್ಕಾರ ರಚನೆ ಆಗಲಿಲ್ಲ, ಸರಿ. ನಮ್ಮ ಹುಡುಗನ ತಲೆಗೂದಲು ಉದುರೋದು ನಿಲ್ತಾ?" ಉಮ್ಮು ಸಿನಾನ್ ದಾರವನ್ನು ಹಲ್ಲಿನಿಂದ ಕಡಿದಳು. "ಇರಲಿ. ಈ ಗುರುವಾರ ದಿನಾರ್ ಏರೋದು ಖಂಡಿತವಾ?"

"ಬರೆದಿಟ್ಕೋ. ಖಂಡಿತ."

"ಹಾಗಾದ್ರೆ ನಾನು ಪೇಟೆಗೆ ಹೋಗಿ ದಾರ ತರ್ತೀನಿ," ಎಂದು ಆಕೆ ಅಬಾಯಾ ಹೊದ್ದು ಹೊರಟೇಬಿಟ್ಟಳು. ದಿನಾರಿಗೂ ದಾರಕ್ಕೂ ಏನು ಸಂಬಂಧ ಎಂದು ಮೇಷ್ಟ್ರು ಕೇಳಲಿಲ್ಲ. ಹೆಂಗಸರಿಗೆ ಅರ್ಥಶಾಸ್ತ್ರ ಹತ್ತುವುದಿಲ್ಲ ಎಂದುಕೊಂಡು ಟೀವಿಯ ಕಡೆ ತಿರುಗಿದರು.

ಇಬ್ಬರು ಗಂಡುಮಕ್ಕಳಲ್ಲಿ ಹಿರಿಯವನಾದ ಸಿನಾನ್ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅದೇ ಅಂಗಡಿಯಲ್ಲಿದ್ದ ರುಸುಲ್ ಎಂಬ ಹುಡುಗಿಯನ್ನು ಮೆಚ್ಚಿ ಮೂರು ವರ್ಷವಾಗಿತ್ತು. ಹುಡುಗಿ ಒಪ್ಪಿದ್ದಳು, ಎರಡೂ ಮನೆಯವರು ಒಪ್ಪಿದ್ದರು. ಒಪ್ಪದೆ ಕೂತದ್ದು ದಿನಾರ್ ಒಂದೇ. ಹೆಣ್ಣು ಕೇಳಲು ದಿನ ಗೊತ್ತು ಮಾಡಿದಾಗಲೆಲ್ಲ ಮೇಷ್ಟ್ರು "ಈಗ ಬೇಡ, ಸುಧಾರಣೆ ಬರ್ತಾ ಇದೆ" ಎಂದು ಮುಂದೆ ಹಾಕಿದ್ದು ಮೂರು ಸಲ. ಕಡೆಗೆ ರುಸುಲ್ ಸಿನಾನ್‌ಗೆ ಹೇಳಿಬಿಟ್ಟಳು: "ಈ ಗುರುವಾರ ನಿಮ್ಮಪ್ಪ ನಮ್ಮ ಮನೇಲಿ ಚಹಾ ಕುಡೀಬೇಕು. ಇಲ್ಲದಿದ್ರೆ ಬಸ್ರಾದ ಡಾಕ್ಟರ ಮನೆಯವರಿಗೆ ನಮ್ಮಪ್ಪ ಹೂಂ ಅಂತಾರೆ. ನಾನೂ ಅಂತೀನಿ." ಸಿನಾನ್ ಅವತ್ತಿನಿಂದ ಅನ್ನದ ತಟ್ಟೆಯ ಮುಂದೆ ಸುಮ್ಮನೆ ಕೂರತೊಡಗಿದ.

ಚಹಾ ಎಂದರೆ ಬರೀ ಚಹಾ ಅಲ್ಲ. ಹೆಣ್ಣು ಕೇಳಲು ಹೋದ ಗಂಡಸರ ಮುಂದೆ ಹೆಣ್ಣಿನ ಮನೆಯವರು ಪುಟ್ಟ ಗಾಜಿನ ಲೋಟದಲ್ಲಿ ಚಹಾ ಇಡುತ್ತಾರೆ. ಮಾತು ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ತಂಡದ ಹಿರಿಯ ಕುಡಿದನೋ, ಅಲ್ಲಿಯವರೆಗೆ ಆಡಿದ ಮಾತಿಗೆ ಮೊಹರು ಬಿದ್ದಂತೆ. ಕುಡಿಯದೆ ಎದ್ದನೋ, ಸಂಬಂಧ ಮುರಿದಂತೆ.

ನಮ್ಮ ತಂಡದ ಹಿರಿಯರು ಮೇಷ್ಟ್ರ ದೊಡ್ಡಪ್ಪ ಮುತ್ಲಗ್. ಎಂಬತ್ತನಾಲ್ಕು ವರ್ಷ, ಎದೆಯವರೆಗೆ ಗಡ್ಡ, ನೋಡಿದರೆ ಕೈ ಮುಗಿಯಬೇಕು. ಕಿವಿ ಮಾತ್ರ ಪೂರ್ತಿ ರಜೆ. ಹಿಂದೊಮ್ಮೆ ಬೇರೆ ಮನೆಯಲ್ಲಿ ಮಾತು ಶುರುವಾಗುವ ಮೊದಲೇ ಲೋಟ ಎತ್ತಿ ಕುಡಿದುಬಿಟ್ಟಿದ್ದರು. ಬೇಡವೆನ್ನಲು ಹೋಗಿದ್ದ ಹುಡುಗನಿಗೆ ಈಗ ಆರು ಮಕ್ಕಳು. ಅದಕ್ಕೇ ಮೇಷ್ಟ್ರು ಒಂದು ಉಪಾಯ ಹೂಡಿದರು. ದೊಡ್ಡಪ್ಪನ ಎದುರು ಕೂತು, ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ತೋರಿಸಿದರು: "ನಾನು ಮೀಸೆ ಮುಟ್ಟಿದಾಗ ಕುಡಿಯಿರಿ. ಅದಕ್ಕೆ ಮೊದಲು ಬೇಡ." ದೊಡ್ಡಪ್ಪ ಎರಡು ಸಲ ಓದಿ ತಲೆಯಾಡಿಸಿದರು.

ಮೇಷ್ಟ್ರ ಲೆಕ್ಕ ಸರಳ. ಗಂಡಿನ ಕಡೆಯವರು ಹೆಣ್ಣಿಗೆ ಕೊಡುವ ಮೆಹರ್ ಒಂದೂವರೆ ಕೋಟಿ ದಿನಾರ್, ಇಲ್ಲವೇ ಒಂದು ದಫ್ತರ್, ಎಂದರೆ ಹತ್ತು ಸಾವಿರ ಡಾಲರ್. ಇವತ್ತಿನ ದರದಲ್ಲಿ ಎರಡೂ ಒಂದೇ. ಕೊಡುವುದು ಮದುವೆಯ ದಿನ, ಎರಡು ತಿಂಗಳ ಮೇಲೆ. ಮಸೂದೆ ಪಾಸಾಗಿ ದಿನಾರ್ ಏರಿದರೆ ಡಾಲರ್ ಅಗ್ಗ, ಆಗ ಡಾಲರಿನಲ್ಲಿ ಮಾತು ಕೊಟ್ಟವನೇ ಜಾಣ. ಮಸೂದೆ ಬಿದ್ದರೆ ದಿನಾರಿನಲ್ಲಿ ಕೊಟ್ಟವನು ಜಾಣ. ಟೀವಿಯ ಮೇಲೆ ಒಂದು ಕಣ್ಣಿಟ್ಟರೆ ಕೆಲಸ ಬೆಣ್ಣೆಯಿಂದ ಕೂದಲು ತೆಗೆದಂತೆ. ಅವರು ಎಣಿಸದೆ ಬಿಟ್ಟದ್ದು ಒಂದೇ ಸಂಗತಿ. ರುಸುಲ್‌ಳ ತಂದೆ ಹಜ್ಜಿ ಜವ್ವಾದ್ ಪರದೇಶದ ಟೈರ್ ತರಿಸಿ ಮಾರುವವರು. ಆ ಲೆಕ್ಕವನ್ನು ಅವರು ತೊಟ್ಟಿಲಲ್ಲೇ ಕಲಿತಿದ್ದರು.

ಗುರುವಾರ ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಏಳು ಮಂದಿ ಹಜ್ಜಿಯ ಮನೆಗೆ ಹೋದರು. ಉಮ್ಮು ಸಿನಾನ್ ಒಳಕೋಣೆಯಲ್ಲಿ ಹೆಂಗಸರ ಜೊತೆ ಕೂತಳು. ಹೊರಗೆ ಜುಲೈ ಬಿಸಿಲು, ಕಾಗೆ ಕೂಡ ನೆರಳು ಬಿಟ್ಟು ಹಾರುತ್ತಿರಲಿಲ್ಲ. ಒಳಗೆ ಏಸಿ ತಣ್ಣಗೆ ಬೀಸುತ್ತಿತ್ತು. ಗೋಡೆಯ ಮೇಲೆ ಸದ್ದಿಲ್ಲದ ಟೀವಿ, ಅದರ ಕೆಳಗೆ ಓಡುವ ಕೆಂಪು ಪಟ್ಟಿ. ಬೀಗರ ಮುಂದೆ ಫೋನು ತೆಗೆಯುವುದು ಮರ್ಯಾದೆಯಲ್ಲ, ಟೀವಿ ತಾನಾಗಿ ಕಂಡರೆ ಯಾರ ತಪ್ಪೂ ಅಲ್ಲ.

ದೊಡ್ಡಪ್ಪ ಮುತ್ಲಗ್ ಬಾಯಿಪಾಠದಂತೆ ಹೆಣ್ಣು ಕೇಳಿದರು. ಹಜ್ಜಿ ಎದೆ ಮೇಲೆ ಕೈಯಿಟ್ಟು ಹೇಳಿದರು: "ಅವಳು ನಿಮ್ಮ ಮಗಳೇ. ಮೆಹರ್ ಮಾತು ಯಾಕೆ? ತೊಟ್ಟ ಅಬಾಯಾದಲ್ಲೇ ಕರ್ಕೊಂಡು ಹೋಗಿ."

ಹೀಗನ್ನುವುದು ಪದ್ಧತಿ. ಹಾಗಂದರೆಂದು ಕರೆದುಕೊಂಡು ಹೋಗುವುದು ಪದ್ಧತಿಯಲ್ಲ.

ಕೆಂಪು ಪಟ್ಟಿಯಲ್ಲಿ 'ಮತದಾನ ಇನ್ನೇನು ಶುರು' ಎಂದು ಬಂತು. ಮೇಷ್ಟ್ರು ಕೆಮ್ಮಿದರು. "ಹಜ್ಜಿ, ನಿಮ್ಮ ಮಗಳ ಯೋಗ್ಯತೆಗೆ ಡಾಲರೇ ಸರಿ. ಒಂದು ದಫ್ತರ್."

"ಛೆ, ಛೆ. ಪರದೇಶದ ನೋಟು ನಮಗ್ಯಾಕೆ ಮೇಷ್ಟ್ರೇ? ನಮ್ಮ ದೇಶದ ದುಡ್ಡಿಗೆ ಏನಾಗಿದೆ? ಒಂದೂವರೆ ಕೋಟಿ ದಿನಾರ್ ಅನ್ನಿ, ಸಾಕು."

"ನಿಮ್ಮ ದೇಶಭಕ್ತಿ ದೊಡ್ಡದು. ಆದ್ರೂ..."

ಅಷ್ಟರಲ್ಲಿ ಪಟ್ಟಿ ಬದಲಾಯಿತು: 'ಸದಸ್ಯರ ಸಂಖ್ಯೆ ಸಾಲದು, ಮತದಾನ ಅನುಮಾನ.' ಇಬ್ಬರೂ ಒಂದು ಕ್ಷಣ ಗೋಡೆ ನೋಡಿದರು.

"ನೀವು ಹೇಳಿದ್ದು ನನ್ನ ಎದೆಗೆ ನಾಟಿತು ಹಜ್ಜಿ," ಎಂದರು ಮೇಷ್ಟ್ರು. "ದೇಶದ ದುಡ್ಡೇ ಸರಿ. ದಿನಾರ್."

"ಅಯ್ಯೋ, ನೀವು ಅಷ್ಟು ಪ್ರೀತಿಯಿಂದ ಡಾಲರ್ ಕೊಡ್ತೀನಿ ಅಂದಾಗ ಬೇಡ ಅನ್ನೋಕೆ ನಾನ್ಯಾರು? ಡಾಲರೇ ಇರಲಿ."

ಗಾಳಿ ಬಂದಾಗ ತೂರಿಕೋ ಎಂಬ ಮಾತನ್ನು ಇಬ್ಬರೂ ಒಟ್ಟಿಗೇ ಕಲಿತವರ ಹಾಗೆ ತೂರಿದರು. ಸದಸ್ಯರು ಸೇರಿದರು ಎಂದಾಗ ಮೇಷ್ಟ್ರು ಡಾಲರ್, ಹಜ್ಜಿ ದಿನಾರ್. ಒಂದು ಪಕ್ಷ ಸಭೆಯಿಂದ ಎದ್ದು ನಡೆಯಿತು ಎಂದಾಗ ಹಜ್ಜಿ ಡಾಲರ್, ಮೇಷ್ಟ್ರು ದಿನಾರ್. ಆ ಪಕ್ಷ ಹೊರಗೆ ಹೋದದ್ದು ಬರೀ ಸಿಗರೇಟು ಸೇದಲು ಎಂದು ತಿಳಿದಾಗ ಮತ್ತೆ ಅದಲು ಬದಲು. ಮೇಷ್ಟ್ರ ಜೊತೆ ಬಂದಿದ್ದ ನೆಂಟರ ಕತ್ತು ಈ ಕಡೆಯಿಂದ ಆ ಕಡೆಗೆ ತಿರುಗಿ ತಿರುಗಿ ನೋಯತೊಡಗಿತು. ಚಹಾ ಆರಿತು. ಆರಿದ ಚಹಾ ಅತಿಥಿಯ ಮುಂದೆ ಇರಬಾರದೆಂದು ಒಳಗಿಂದ ಬಿಸಿ ಚಹಾ ಬಂತು. ಅದೂ ಆರಿ, ಮೂರನೇ ಸಲ ಬಂತು. ಪ್ರತಿ ಸಲ ಮುಟ್ಟದ ಲೋಟ ಹೋಗುವಾಗ ದೊಡ್ಡಪ್ಪ ಮುತ್ಲಗ್ ಅದನ್ನು ಬಾಗಿಲವರೆಗೂ ಕಣ್ಣಲ್ಲೇ ಬೀಳ್ಕೊಡುತ್ತಿದ್ದರು. ಮೂಲೆಯಲ್ಲಿ ಸಿನಾನ್ ಲೋಟಗಳನ್ನೇ ನೋಡುತ್ತ ಉಗುರು ಕಡಿಯುತ್ತಿದ್ದ. ಆ ಹುಡುಗನ ಮುಖ ನೋಡಿದರೆ ಕಲ್ಲೂ ಕರಗಬೇಕು, ಆದರೆ ಅಪ್ಪ ನೋಡುತ್ತಿದ್ದುದು ಟೀವಿಯನ್ನು.

ಆಗ ಕರೆಂಟ್ ಹೋಯಿತು.

ಏಸಿ ನಿಂತಿತು, ಟೀವಿ ಕಪ್ಪಾಯಿತು. ಬೀದಿಯ ಜನರೇಟರ್ ಹತ್ತಲು ಇನ್ನೂ ಹೊತ್ತಿತ್ತು. ಮತದಾನ ಆಯಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಹೀಗಾಗಿ ತಾವು ಈಗ ದೇಶಭಕ್ತರೋ ಅಲ್ಲವೋ ಎಂಬುದೇ ಇಬ್ಬರಿಗೂ ತಿಳಿಯದೆ ಹೋಯಿತು.

"ಹಾಗಾದ್ರೆ ಮೇಷ್ಟ್ರೇ... ನೀವೇ ಹೇಳಿಬಿಡಿ," ಎಂದರು ಹಜ್ಜಿ.

"ಇಲ್ಲ ಇಲ್ಲ, ಹೆಣ್ಣು ಹೆತ್ತವರು ನೀವು. ನೀವು ಹೇಳಿ."

"ಕೊಡೋರು ನೀವು."

"ತಗೊಳ್ಳೋರು ನೀವು."

ಕೋಣೆ ಒಲೆಯಾಗತೊಡಗಿತು. ಬೆವರು ಕುತ್ತಿಗೆಗಿಳಿಯಿತು, ಅದರ ಹಿಂದೆಯೇ ಹಜ್ಜಿಯ ತಾಳ್ಮೆಯೂ ಇಳಿಯಿತು. "ಒಂದು ಗಂಟೆಯಿಂದ ಅದು ಅಂತೀರಿ, ಇದು ಅಂತೀರಿ. ನಿಮ್ಮ ಹತ್ರ ಕೊಡೋಕೆ ಏನಾದ್ರೂ ಇದೆಯೋ ಇಲ್ಲವೋ, ಅದನ್ನಾದ್ರೂ ಹೇಳಿ ಸ್ವಾಮಿ."

ನೆಂಟರೆಲ್ಲರ ಮುಂದೆ ಈ ಮಾತು! ಮೇಷ್ಟ್ರ ಮೈಯಲ್ಲಿ ಅಜ್ಜ ಮುತ್ತಜ್ಜಂದಿರೆಲ್ಲ ಒಟ್ಟಿಗೆ ಎದ್ದು ಕೂತರು.

"ದಿನಾರ್ ಅಂತೆ, ಡಾಲರ್ ಅಂತೆ! ನಮ್ಮ ಮನೆತನ ಅಂದ್ರೆ ಏನಂದ್ಕೊಂಡಿದ್ದೀರಿ ಹಜ್ಜಿ? ಒಂದೂವರೆ ಕೋಟಿ ದಿನಾರೂ ಕೊಟ್ಟೇವು, ಮೇಲೆ ಒಂದು ದಫ್ತರ್ ಡಾಲರೂ ಕೊಟ್ಟೇವು!"

ಹೀಗೆ ಗುಡುಗಿ, ಮೂಗಿನಿಂದ ತೊಟ್ಟಿಕ್ಕುತ್ತಿದ್ದ ಬೆವರನ್ನು ಒರೆಸಿಕೊಂಡರು. ಮೀಸೆಯ ಮೇಲಿನ ಬೆವರನ್ನೂ ಒರೆಸಿಕೊಂಡರು.

ದೊಡ್ಡಪ್ಪ ಮುತ್ಲಗ್ ಇದಕ್ಕಾಗಿಯೇ ಮೂರು ಲೋಟ ಕಾದಿದ್ದರು. ಗಪ್ಪನೆ ಎತ್ತಿ ಒಂದೇ ಗುಟುಕಿಗೆ ಕುಡಿದು, ಖಾಲಿ ಲೋಟವನ್ನು ಟಣ್ಣೆಂದು ತಟ್ಟೆಯ ಮೇಲಿಟ್ಟರು. ಹಿರಿಯರು ಕುಡಿದ ಮೇಲೆ ಕಿರಿಯರಿಗೇನು? ಉಳಿದವರೂ ಕುಡಿದರು. ಸಿನಾನ್ ತನ್ನದನ್ನೂ ಕುಡಿದು, ಯಾವುದಕ್ಕೂ ಇರಲಿ ಎಂದು ಅಪ್ಪನ ಲೋಟವನ್ನೂ ಕುಡಿದ. ಹಜ್ಜಿ ಜವ್ವಾದ್ ಟೈರ್ ವ್ಯಾಪಾರಿ, ಗಳಿಗೆ ತಪ್ಪಿಸಿಕೊಳ್ಳುವವರಲ್ಲ. ಅಂಗೈ ಮೇಲೆತ್ತಿ ಫಾತಿಹಾ ಪ್ರಾರ್ಥನೆ ಶುರು ಮಾಡಿಯೇಬಿಟ್ಟರು. ಪ್ರಾರ್ಥನೆಯ ನಡುವೆ ಮಾತಾಡುವಂತಿಲ್ಲ. ಅದು ಮುಗಿಯುತ್ತಲೇ ಒಳಕೋಣೆಯಿಂದ ಹೆಂಗಸರ ಉಲುಲು ಕೇಕೆ ಎದ್ದಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ, ನಮ್ಮ ಜಟ್ಟಿ ಬಿದ್ದದ್ದೇ ಮೀಸೆಯಿಂದ.

ಜನರೇಟರ್ ಹತ್ತಿತು. ಟೀವಿ ಕಣ್ಣು ಬಿಟ್ಟಿತು: 'ಸುಧಾರಣಾ ಮಸೂದೆ ಮತದಾನ ಸೋಮವಾರಕ್ಕೆ ಮುಂದೂಡಿಕೆ.'

"ಎರಡೂ ಅಂದ್ರಿ ಮೇಷ್ಟ್ರೇ," ಹಜ್ಜಿ ಮೆತ್ತಗೆ ಹೇಳಿದರು. "ಚಹಾ ಕುಡಿದ ಮೇಲೆ ಮಾತಿಲ್ಲ."

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪಿಂಚಣಿ ಬರೆದುಕೊಟ್ಟರೂ, ಮನೆಯ ಮೇಲಂತಸ್ತು ಮಾರಿದರೂ ಎರಡು ಮೆಹರ್ ಹುಟ್ಟುವುದಿಲ್ಲ. ಇಲ್ಲ ಎಂದರೆ ಮಗನ ಮದುವೆ ಅಲ್ಲೇ ಮುರಿಯುತ್ತದೆ. ಮೊದಲ ಸಲ ಅವರು ಟೀವಿ ಬಿಟ್ಟು ಮಗನ ಮುಖ ನೋಡಿದರು. ಹುಡುಗ ನಗುತ್ತಿದ್ದ.

ಆಗ ಒಳಬಾಗಿಲ ಪರದೆ ಸರಿಸಿ ಬಂದದ್ದು ಹಜ್ಜಿಯ ಹೆಂಡತಿ. "ಚಹಾ ಕುಡಿಯೋ ಮೊದಲು ಆಡಿದ ಮಾತೆಲ್ಲ ಮಾತೇ ತಾನೆ? ಹಾಗಾದ್ರೆ ನೀವು ತೊಟ್ಟ ಅಬಾಯಾದಲ್ಲೇ ಕರ್ಕೊಂಡು ಹೋಗಿ ಅಂದಿರಲ್ಲ, ಅದು?"

"ಅದು ಸುಮ್ನೆ ಮರ್ಯಾದೆಗೆ ಅಂದಿದ್ದು ಕಣೇ."

"ಅವರು ಅಂದಿದ್ದೂ ಸುಮ್ನೆ ಸಿಟ್ಟಿಗೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇಬ್ಬರದೂ ಹೋಯ್ತು, ಬಿಡಿ. ನಾನೂ ಉಮ್ಮು ಸಿನಾನೂ ಹತ್ತು ದಿನದ ಹಿಂದೇನೇ ಚಿನ್ನದಲ್ಲಿ ಮಾತು ಮುಗಿಸಿದ್ದೀವಿ. ಹನ್ನೆರಡು ಮಿಸ್ಕಾಲ್, ಅರವತ್ತು ಗ್ರಾಂ."

ಅವಳ ಹಿಂದೆಯೇ ಬಂದ ಉಮ್ಮು ಸಿನಾನ್ ಕೆಂಪು ಡಬ್ಬಿ ತೆರೆದು ಚಹಾ ತಟ್ಟೆಗಳ ನಡುವೆ ಇಟ್ಟಳು. ಬಳೆಗಳು ಥಳಥಳ ಹೊಳೆದವು. ಹಜ್ಜಿ ಒಂದನ್ನು ಕೈಯಲ್ಲಿ ತೂಗಿ ನೋಡಿದರು. ಯಾವ ಪಕ್ಷ ಕೂತರೂ ಎದ್ದರೂ ಚಿನ್ನಕ್ಕೆ ನೆಗಡಿ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು. "ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದರು.

"ನಿಮ್ಮಿಬ್ಬರ ಮಧ್ಯೆ ಹೇಳೋಕೆ ಜಾಗ ಎಲ್ಲಿತ್ತು?" ಎಂದಳು ಅವರ ಹೆಂಡತಿ.

ಮನೆಗೆ ಬಂದ ಮೇಲೂ ಮೇಷ್ಟ್ರಿಗೆ ಒಂದು ಮಾತು ಕೊರೆಯುತ್ತಿತ್ತು. ಟೀವಿ ಹಾಕದೆ ಹೆಂಡತಿಯ ಎದುರು ಕೂತರು. ಹಾಗೆ ಕೂತು ವರ್ಷಗಳೇ ಆಗಿತ್ತು.

"ಹನ್ನೆರಡು ಮಿಸ್ಕಾಲ್ ಚಿನ್ನ ಎಲ್ಲಿಂದ ಬಂತೇ?"

"ಹೊಲಿಗೆ ದುಡ್ಡಿಂದ. ಮೂರು ವರ್ಷದಿಂದ ಒಂದೊಂದೇ ತಗೊಂಡೆ."

"ಯಾವಾಗ ತಗೋಬೇಕು ಅಂತ ನಿನಗೆ ಯಾರು ಹೇಳಿಕೊಟ್ಟರು?"

"ನೀವೇ." ಉಮ್ಮು ಸಿನಾನ್ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. "ಈ ವಾರ ದಿನಾರ್ ಏರೋದು ಖಂಡಿತ ಅಂತ ನೀವು ಹೇಳಿದಾಗಲೆಲ್ಲ ದಾರ ತರ್ತೀನಿ ಅಂತ ಪೇಟೆಗೆ ಹೋಗಿ ಚಿನ್ನ ತಂದೆ. ಮುಂದಿನ ವಾರ ದಿನಾರ್ ಬೀಳ್ತಿತ್ತು, ಚಿನ್ನ ಏರ್ತಿತ್ತು. ಹನ್ನೆರಡು ಸಲ ಹೇಳಿದ್ರಿ, ಹನ್ನೆರಡು ಮಿಸ್ಕಾಲ್ ಆಯ್ತು. ಒಂದು ಸಲವೂ ನಿಮ್ಮ ಮಾತು ತಪ್ಪಲಿಲ್ಲ ಅನ್ನಿ, ಉಲ್ಟಾ ಹಿಡಿದ್ರೆ."

ಮೇಷ್ಟ್ರು ಬೆರಳು ಮಡಚಿ ಹನ್ನೆರಡನ್ನೂ ಎಣಿಸಿ ನೋಡಿದರು.

"ಇನ್ನು ಕಿರಿಯವನ ಮದುವೆಗೂ ಚಿನ್ನ ಆಗ್ಬೇಕಲ್ಲ," ಎಂದಳು ಆಕೆ. "ಸೋಮವಾರ ಮತದಾನ ಅಂತೆ. ದಿನಾರ್ ಏನಾಗುತ್ತೆ?"

ಬಾಯಿ ತೆರೆದ ಮೇಷ್ಟ್ರು ತಡೆದರು. ಮೂವತ್ತೊಂದು ವರ್ಷ ಪಾಠ ಹೇಳಿದ ಬಾಯಿಂದ ಎಂದೂ ಹೊರಡದ ಮಾತು ಅವತ್ತು ಹೊರಟಿತು. "ನನಗೆ ಗೊತ್ತಿಲ್ಲ ಮಾರಾಯ್ತಿ."

ಉಮ್ಮು ಸಿನಾನ್ ಸೂಜಿ ಕೆಳಗಿಟ್ಟು ಗಾಬರಿಯಿಂದ ಅವರ ಮುಖ ನೋಡಿದಳು.

"ಅಯ್ಯೋ, ನೀವು ಹಾಗಂದ್ಬಿಟ್ರೆ ನಾನು ಚಿನ್ನ ಯಾವಾಗ ತಗೊಳ್ಳಲಿ?"